ಕತ್ತಲ ಗುಹೆಯಲ್ಲಿ ಚಿತ್ರ ಬರೆದದ್ದು ಹೇಗೆ?

ಪ್ರಶ್ನೆ: ಫ್ರಾನ್ಸ್, ಸ್ಪೇನ್‌ನ ಗುಹೆಗಳಲ್ಲಿ ಆದಿಮಾನವರು ಬರೆದ ಪ್ರಾಣಿಗಳ ಫೋಟೋ ನೋಡಿದ್ದೇನೆ. ಬಿಸಿಲು ಎಂದೂ ತಲುಪದಷ್ಟು ಒಳಗೆ ಬರೆದಿದ್ದಾರಂತೆ. ಅಂಥ ಕತ್ತಲಲ್ಲಿ ಅವರಿಗೆ ಕಣ್ಣು ಹೇಗೆ ಕಾಣುತ್ತಿತ್ತು?

ಉತ್ತರ: ದೀಪ ಹಚ್ಚಿಕೊಳ್ಳುತ್ತಿದ್ದರು. ಊಹೆಯ ಮಾತಲ್ಲ, ಆ ದೀಪಗಳೇ ಸಿಕ್ಕಿವೆ.

ಫ್ರಾನ್ಸಿನ ಲಾಸ್ಕೋ ಗುಹೆ 1940ರಲ್ಲಿ ಊರಿನ ಹುಡುಗರ ಕಣ್ಣಿಗೆ ಬಿತ್ತು. ಅದರೊಳಗೆ ಬಾವಿಯಂಥ ಒಂದು ಆಳದ ಜಾಗವಿದೆ. ಅಲ್ಲಿನ ಗೋಡೆಯ ಮೇಲೆ ಹಕ್ಕಿಮೋರೆಯ ಮನುಷ್ಯನೊಬ್ಬ ಬಿದ್ದಿದ್ದಾನೆ, ಎದುರಿಗೆ ಕರುಳು ಹೊರಬಂದ ಬೈಸನ್ (ನಮ್ಮ ಕಾಟಿಯ ದೂರದ ನೆಂಟ). ಅದರ ಕೆಳಗಿನ ಮಣ್ಣಲ್ಲಿ ಕೆಂಪು ಮರಳುಗಲ್ಲಿನ ದೀಪವೊಂದು ಸಿಕ್ಕಿತು. ಉದ್ದ ಸುಮಾರು 22 ಸೆಂಟಿಮೀಟರ್. ನೋಡಲು ಥೇಟ್ ಸಾರಿನ ಸೌಟು. ಒಂದು ತುದಿಗೆ ದುಂಡನೆಯ ಗುಳಿ, ಇನ್ನೊಂದು ತುದಿಗೆ ನುಣ್ಣಗೆ ಉಜ್ಜಿದ ಹಿಡಿ. ಗುಳಿಯಲ್ಲಿ ಮಸಿ ಇನ್ನೂ ಅಂಟಿಕೊಂಡಿತ್ತು. ಪರೀಕ್ಷೆ ಮಾಡಿದಾಗ ಬತ್ತಿ ಜೂನಿಪರ್ ಗಿಡದ್ದು ಅಂತ ಗೊತ್ತಾಯಿತು. ಎಣ್ಣೆಯ ಜಾಗದಲ್ಲಿ ಪ್ರಾಣಿಗಳ ಕೊಬ್ಬು. ಎಲ್ಲ ದೀಪಗಳೂ ಇಷ್ಟು ನಾಜೂಕಲ್ಲ. ಹೆಚ್ಚಿನವು ನಡುವೆ ತಗ್ಗಿದ್ದ ಬರೀ ಕಲ್ಲುಗಳು. ನಮ್ಮ ಮಣ್ಣಿನ ಹಣತೆಯ ಲೆಕ್ಕಾಚಾರವೇ ಅಲ್ವಾ?

ಹಾಗಾದರೆ ಛಾವಣಿಗೆ ಮಸಿ ಹಿಡಿಯಲಿಲ್ಲವೇ? ಈ ಪ್ರಶ್ನೆ ಒಬ್ಬರ ಮಾನವನ್ನೇ ಕಳೆದಿತ್ತು. 1879ರಲ್ಲಿ ಸ್ಪೇನಿನ ಅಲ್ತಮಿರಾ ಗುಹೆಯಲ್ಲಿ ಸೌತುವೊಲಾ ಎಂಬುವರು ನೆಲ ಅಗೆಯುತ್ತಿದ್ದಾಗ, ಜೊತೆಗೆ ಬಂದಿದ್ದ ಪುಟ್ಟ ಮಗಳು ಮರಿಯಾ ತಲೆಯೆತ್ತಿ ಛಾವಣಿಯ ಬೈಸನ್‌ಗಳನ್ನು ಕಂಡಳು. ಇವು ಆದಿಮಾನವರು ಬರೆದವು ಅಂದರೆ ಪಂಡಿತರು ನಂಬಲಿಲ್ಲ. ಇಷ್ಟು ಒಳಗೆ ಬರೆದಿದ್ದರೆ ಹೊಗೆಯ ಮಸಿ ಎಲ್ಲಿ ಅಂತ ಕೇಳಿದರು. ಸೌತುವೊಲಾ 1888ರಲ್ಲಿ ತೀರಿಕೊಂಡರು. ಅವರನ್ನು ವಿರೋಧಿಸಿದವರಲ್ಲಿ ಮುಖ್ಯರಾದ ಕಾರ್ತಾಲ್ಯಾಕ್ ತಪ್ಪೊಪ್ಪಿಕೊಂಡದ್ದು 1902ರಲ್ಲಿ. ತಡವಾಗಿಯಾದರೂ ಒಪ್ಪಿಕೊಂಡರಲ್ಲ, ಅದೂ ಎಲ್ಲರಿಂದ ಆಗುವ ಕೆಲಸವಲ್ಲ.

ಆ ಮಸಿಯ ಪ್ರಶ್ನೆಗೆ ಈಗ ಉತ್ತರವಿದೆ. ಸ್ಪೇನಿನ ಸಂಶೋಧಕರು ಬಾಸ್ಕ್ ಪ್ರದೇಶದ ಒಂದು ಗುಹೆಗೆ ಹೋಗಿ ಪಂಜು, ಕೊಬ್ಬಿನ ದೀಪ ಎರಡನ್ನೂ ತಾವೇ ಮಾಡಿ ಉರಿಸಿ ನೋಡಿದರು. ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಪಂಜಿನ ಬೆಳಕು ಸುತ್ತ ಸುಮಾರು 6 ಮೀಟರ್ ಹರಡುತ್ತದೆ, ಆದರೆ ಸರಾಸರಿ 41 ನಿಮಿಷಕ್ಕೆ ಮುಗಿಯುತ್ತದೆ. ಕೊಬ್ಬಿನ ದೀಪದ ಬೆಳಕು ಒಂದು ಮೇಣದಬತ್ತಿಯಷ್ಟು, ಸುಮಾರು 3 ಮೀಟರ್. ಆದರೆ ಗಂಟೆಗೂ ಜಾಸ್ತಿ ಹೊತ್ತು ಉರಿಯುತ್ತದೆ, ಹೊಗೆಯೂ ಕಡಿಮೆ. ಅದನ್ನು ಹಿಡಿದು ನಡೆಯುವುದು ಮಾತ್ರ ಕಷ್ಟ. ಕಣ್ಣಿಗೆ ಹೊಡೆಯುತ್ತದೆ, ಕಾಲಡಿ ಏನೂ ಕಾಣುವುದಿಲ್ಲ. ದೀಪದ ಬುಡದಲ್ಲಿ ಕತ್ತಲು ಅಂತ ನಾವು ಅನ್ನುವುದು ಇದನ್ನೇ ತಾನೆ? ಅಂದರೆ ನಡೆಯಲು ಪಂಜು, ಕೂತು ಬರೆಯಲು ದೀಪ ಒಳ್ಳೆಯದು.

ಪಂಜಿನ ಗುರುತುಗಳೂ ಉಳಿದಿವೆ. ಫ್ರಾನ್ಸಿನ ಶೊವೆ ಗುಹೆಯ ಚಿತ್ರಗಳಲ್ಲಿ ಹಳೆಯವು ಸುಮಾರು 36,000 ವರ್ಷದವು. ಅಲ್ಲಿ ಪಂಜು ಮಂಕಾದಾಗ ತುದಿಯನ್ನು ಗೋಡೆಗೆ ಉಜ್ಜಿ ಬೂದಿ ಉದುರಿಸಿದ್ದಾರೆ. ಆ ಕರಿ ಗೀರುಗಳು ಹಾಗೇ ಇವೆ.

ನಮ್ಮ ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಬಂಡೆ ಚಿತ್ರಗಳಿಗೆ, ಮಧ್ಯಪ್ರದೇಶದ ಭೀಮ್‌ಬೆಟ್ಕಾದ ಬಹುಪಾಲು ಚಿತ್ರಗಳಿಗೆ ಈ ತಾಪತ್ರಯವಿರಲಿಲ್ಲ. ಅವು ಬಂಡೆಯ ಆಸರೆಯಲ್ಲಿ, ಹಗಲಿನ ಬೆಳಕಲ್ಲೇ ಬರೆದವು.

ಇನ್ನು ನೀವು ನೋಡಿದ ಫೋಟೋಗಳ ವಿಷಯ. ಅವನ್ನು ದೊಡ್ಡ ಲೈಟ್ ಹಾಕಿ ತೆಗೆದಿರುತ್ತಾರೆ. ಬರೆದವರು ಇಡೀ ಗೋಡೆಯನ್ನು ಹಾಗೆ ಒಟ್ಟಿಗೆ ನೋಡಿದ್ದೇ ಇಲ್ಲ. ಅಲ್ತಮಿರಾದಲ್ಲಿ ಛಾವಣಿಯ ಕಲ್ಲಿನ ಉಬ್ಬುಗಳನ್ನೇ ಬೈಸನ್‌ನ ಮೈ ಮಾಡಿಕೊಂಡಿದ್ದಾರೆ. ಕೆಳಗೆ ಕುಡಿದೀಪ ಅಲುಗಿದರೆ ಉಬ್ಬಿನ ನೆರಳು ಸರಿಯುತ್ತದೆ, ಪ್ರಾಣಿ ಉಸಿರೆಳೆದಂತೆ ಕಾಣುತ್ತದೆ. ಕರೆಂಟ್ ಹೋದ ರಾತ್ರಿ ಗೋಡೆಯ ಮೇಲೆ ಕೈ ನೆರಳಿನ ಜಿಂಕೆ ಓಡಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅಂದ ಹಾಗೆ, ಲಾಸ್ಕೋ ದೀಪದ ಹಿಡಿಯ ಮೇಲೆ ಕೆಲವು ಗೀರುಗಳಿವೆ. ಅಂಥವೇ ಗೀರುಗಳು ಆ ಗುಹೆಯ ಗೋಡೆಯ ಮೇಲೂ ಇವೆ.