ಹಡಗಿನ ವಾಚ್‌ನಲ್ಲಿ (ಪಾಳಿಯಲ್ಲಿ) ಇದ್ದವರು ತಪ್ಪಿದರೆ ಕ್ಯಾಪ್ಟನ್ ಯಾಕೆ ಉತ್ತರ ಕೊಡಬೇಕು?

ಒಂದು ಹಡಗು ನೆಲಕ್ಕೆ ತಾಗಿ ಸಿಕ್ಕಿಕೊಂಡಿತು ಅಂದುಕೊಳ್ಳಿ. ಆಗ ಬ್ರಿಡ್ಜ್‌ನಲ್ಲಿ, ಅಂದರೆ ಹಡಗು ನಡೆಸುವ ಕೋಣೆಯಲ್ಲಿ, ಇದ್ದದ್ದು ಸೆಕೆಂಡ್ ಮೇಟ್ ಎಂಬ ಕೆಳಗಿನ ಅಧಿಕಾರಿ. ಕ್ಯಾಪ್ಟನ್ ಅಲ್ಲಿರಲೇ ಇಲ್ಲ. ಹಾಗಿದ್ದ ಮೇಲೆ ಅವರದೇನು ತಪ್ಪು ಅಂತ ಕೇಳುವವರು ಜಾಸ್ತಿ. ಆದರೆ ವಾಚ್ ಒಪ್ಪಿಸಬಹುದು, ಹಡಗಿನ ಹೊಣೆ ಒಪ್ಪಿಸಲು ಬರುವುದಿಲ್ಲ. ಇದು ಬರೀ ಕಾನೂನಿನ ಮಾತಲ್ಲ. ಬ್ರಿಡ್ಜ್‌ನಲ್ಲಿ ಯಾರು ಏನನ್ನು ಬಾಯಿಬಿಟ್ಟು ಹೇಳುತ್ತಾರೆ, ಏನನ್ನು ನುಂಗಿಕೊಳ್ಳುತ್ತಾರೆ ಅನ್ನುವುದು ಕ್ಯಾಪ್ಟನ್ ನಡೆದುಕೊಳ್ಳುವ ರೀತಿಯ ಮೇಲೆ ನಿಂತಿರುತ್ತದೆ.

1995ರ ಜೂನ್ 10ರ ರಾತ್ರಿ ಬರ್ಮುಡಾದಿಂದ ಬೋಸ್ಟನ್‌ಗೆ ಹೊರಟಿದ್ದ ‘ರಾಯಲ್ ಮೆಜೆಸ್ಟಿ’ ಎಂಬ ಪ್ರಯಾಣಿಕರ ಹಡಗು ಅಮೆರಿಕದ ನಾಂಟಕೆಟ್ ದ್ವೀಪದ ಹತ್ತಿರ ಮರಳದಿಬ್ಬ ಹತ್ತಿ ನಿಂತಿತು. ಹಡಗು ಬಂದರು ಬಿಟ್ಟ ಸ್ವಲ್ಪ ಹೊತ್ತಿಗೇ ಜಿಪಿಎಸ್ ಆಂಟೆನಾದ ಕೇಬಲ್ ಕಳಚಿಕೊಂಡಿತ್ತು. ಉಪಗ್ರಹದ ಸಂಕೇತ ಸಿಗದೆ ಯಂತ್ರ ವೇಗ ಮತ್ತು ದಿಕ್ಕು ಹಿಡಿದು ಅಂದಾಜಿನ ಜಾಗ ತೋರಿಸತೊಡಗಿತು. ಪರದೆಯ ಮೇಲೆ ‘ಡಿಆರ್’ (ಡೆಡ್ ರೆಕನಿಂಗ್, ಅಂದರೆ ಅಂದಾಜಿನ ಲೆಕ್ಕ) ಎಂಬ ಎರಡು ಸಣ್ಣ ಅಕ್ಷರ ಬಂದಿತ್ತು. ಸುಮಾರು 34 ಗಂಟೆ ಯಾರೂ ಅದನ್ನು ಗಮನಿಸಲಿಲ್ಲ. ಹಡಗು ದಾರಿಯಿಂದ 17 ಮೈಲಿ ಆಚೆ ಹೋಗಿತ್ತು. ಪುಣ್ಯಕ್ಕೆ ಯಾರ ಜೀವಕ್ಕೂ ಅಪಾಯವಾಗಲಿಲ್ಲ.

ನನ್ನನ್ನು ಜಾಸ್ತಿ ಕಾಡುವುದು ಕೇಬಲ್ ಅಲ್ಲ. ಕ್ಯಾಪ್ಟನ್ ಒಂದು ಬಾಯ್ (ದಾರಿ ತೋರಿಸಲು ನೀರಿನ ಮೇಲೆ ತೇಲಿಬಿಟ್ಟ ಗುರುತು) ಬಗ್ಗೆ ವಿಚಾರಿಸಿದಾಗ ಸೆಕೆಂಡ್ ಮೇಟ್ ‘ಕಂಡಿತು’ ಅಂದುಬಿಟ್ಟರು. ನಿಜಕ್ಕೂ ಅದು ಅವರ ಕಣ್ಣಿಗೆ ಬಿದ್ದಿರಲಿಲ್ಲ. ಜಿಪಿಎಸ್ ಪ್ರಕಾರ ಹಡಗು ದಾರಿಯಲ್ಲೇ ಇತ್ತಲ್ಲ, ಹಾಗಾಗಿ ಬಾಯ್ ಅಲ್ಲೇ ಇರಬೇಕು ಅಂದುಕೊಂಡರು.

ಆದ್ದರಿಂದ ‘ಕಂಡಿತಾ?’ ಅಂತ ಕೇಳಿದರೆ ಸಾಲದು. ಯಾವ ಬೇರಿಂಗ್‌ನಲ್ಲಿ (ನಮ್ಮ ಹಡಗಿನಿಂದ ಯಾವ ದಿಕ್ಕಿನಲ್ಲಿ) ಕಂಡಿತು, ಎಷ್ಟು ದೂರ, ಕಣ್ಣಿಗೋ ರೇಡಾರ್‌ಗೋ ಅಂತ ಕೇಳಬೇಕು. ‘ಇಲ್ಲ ಸರ್, ಕಾಣಲಿಲ್ಲ’ ಅಂದವರ ಮೇಲೆ ರೇಗಲೂಬಾರದು. ಸ್ಟ್ಯಾಂಡಿಂಗ್ ಆರ್ಡರ್ಸ್‌ನಲ್ಲಿ, ಅಂದರೆ ವಾಚ್‌ನವರಿಗೆ ಬರೆದಿಡುವ ಕಾಯಂ ಸೂಚನೆಗಳಲ್ಲಿ, ‘ಅನುಮಾನ ಬಂದರೆ ನನ್ನನ್ನು ಕರೆಯಿರಿ’ ಅಂತ ಬರೆಯದ ಕ್ಯಾಪ್ಟನ್ ಇಲ್ಲ. ಆದರೆ ರಾತ್ರಿ ಎರಡಕ್ಕೆ ಕರೆದ ಥರ್ಡ್ ಮೇಟ್‌ಗೆ (ಇನ್ನೂ ಕಿರಿಯ ಅಧಿಕಾರಿಗೆ) ‘ಇಷ್ಟಕ್ಕೆಲ್ಲ ಎಬ್ಬಿಸ್ತೀರಾ?’ ಅಂತ ಒಂದು ಸಲ ಗದರಿದರೆ ಮುಗಿಯಿತು. ಮುಂದಿನ ಸಲ ಎದುರಿನ ಹಡಗಿನ ಬೇರಿಂಗ್ ಬದಲಾಗದೆ ದೂರ ಮಾತ್ರ ಇಳಿಯುತ್ತಿದ್ದರೂ ಆ ಹುಡುಗ ಇನ್ನೂ ಐದು ನಿಮಿಷ ನೋಡೋಣ ಅಂತ ಕಾಯುತ್ತಾನೆ. ಅದು ಡಿಕ್ಕಿಯ ಲಕ್ಷಣ ಎಂದು ಅವನಿಗೆ ಚೆನ್ನಾಗಿ ಗೊತ್ತಿರುತ್ತದೆ. ಆದರೂ ಫೋನ್ ಎತ್ತುವುದಿಲ್ಲ.

ಕ್ಯಾಪ್ಟನ್ ಬ್ರಿಡ್ಜ್‌ಗೆ ಬಂದ ಮೇಲೂ ಒಂದು ಗೊಂದಲ ಇರುತ್ತದೆ. ಅವರು ಬಂದು ನಿಂತ ಮಾತ್ರಕ್ಕೆ ಹಡಗು ನಡೆಸುವ ಕೆಲಸ ಅವರ ಕೈಗೆ ಹೋಗುವುದಿಲ್ಲ. ಎಸ್‌ಟಿಸಿಡಬ್ಲ್ಯೂ ಎಂಬ, ನಾವಿಕರ ತರಬೇತಿ ಮತ್ತು ವಾಚ್ ಕುರಿತ ಅಂತರರಾಷ್ಟ್ರೀಯ ನಿಯಮದ ಪ್ರಕಾರ, ‘ಇನ್ನು ನಾನು ನೋಡಿಕೊಳ್ಳುತ್ತೇನೆ’ ಎಂದು ಅವರು ಸ್ಪಷ್ಟವಾಗಿ ಹೇಳಿ, ಇಬ್ಬರಿಗೂ ಅದು ಅರ್ಥವಾಗುವ ತನಕ ವಾಚ್ ಅಧಿಕಾರಿಯೇ ಜವಾಬ್ದಾರ. ಸುಮ್ನೆ ಬಂದು ನಿಂತು, ನಡುವೆ ಒಂದೆರಡು ಆರ್ಡರ್ ಕೊಟ್ಟರೆ ಕ್ಯಾಪ್ಟನ್ ನೋಡ್ತಿದ್ದಾರೆ ಅಂತ ವಾಚ್ ಅಧಿಕಾರಿ, ವಾಚ್ ಅಧಿಕಾರಿ ನೋಡ್ತಿದ್ದಾರೆ ಅಂತ ಕ್ಯಾಪ್ಟನ್ ಬಿಟ್ಟುಬಿಡುತ್ತಾರೆ.

ನಿದ್ದೆಯ ಲೆಕ್ಕವೂ ಕ್ಯಾಪ್ಟನ್‌ಗೇ ಸೇರಿದ್ದು. 24 ಗಂಟೆಯಲ್ಲಿ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ಕೊಡಬೇಕು. ಕಾಗದದ ಮೇಲೆ ಇದು ಸರಿಯಾಗಿಯೇ ಇರುತ್ತದೆ. ಬಂದರಿನಲ್ಲಿ ದಿನವಿಡೀ ಸರಕಿನ ಕೆಲಸ ಮಾಡಿದ ಮೇಟ್ ಹಡಗು ಹೊರಟ ಕೂಡಲೇ ವಾಚ್‌ಗೆ ನಿಂತರೆ ಆ ಕಾಗದದಿಂದ ಏನು ಬಂತು? ನೀವು ಕ್ಯಾಪ್ಟನ್ ಆಗಿದ್ದರೆ ಅಂಥ ದಿನ ವಾಚ್ ಅದಲುಬದಲು ಮಾಡಿ, ಇಲ್ಲವೇ ಮೊದಲ ವಾಚ್‌ಗೆ ನೀವೇ ನಿಲ್ಲಿ. ಅದೂ ಆಗದಿದ್ದರೆ ಹೊರಡುವುದನ್ನೇ ತಡಮಾಡಿ. ಕಂಪನಿ ಏನಂದರೂ ಸುರಕ್ಷತೆಗಾಗಿ ಆ ತೀರ್ಮಾನ ತೆಗೆದುಕೊಳ್ಳುವ ಅಧಿಕಾರ ನಿಯಮದಲ್ಲೇ ನಿಮಗಿದೆ.