ಕಂಪನಿ ಮಾಲು ಕಂಪನಿ ಮಂದೀನ ಕೊಳ್ಳಬೇಕೇನ್ರಿ?

2025ರ ದೀಪಾವಳಿಗೆ ಇನ್ನೊಂದು ಹದಿನೈದು ದಿನ ಇದ್ದಾಗ ಒಬ್ಬ ಮಾಲಕರ ಫೋನ್ ಬಂತು. ಬೆಳಗಾವಿ ಹತ್ರ ಬಟ್ಟಿ ತೊಳಿಯೋ ಪೌಡರ್ ಮಾಡೋ ಸಣ್ಣ ಫ್ಯಾಕ್ಟರಿ, 62 ಮಂದಿ ಕೆಲಸಕ್ಕ ಅದಾರ, ಅವರ ಪಗಾರದ ಲೆಕ್ಕ, ಪಿಎಫ್, ಇಎಸ್ಐ ಎಲ್ಲಾ ನಮ್ಮ ಆಫೀಸಿನಾಗ ಆಗ್ತೈತಿ. ಸಾವ್ಕಾರ್ರು ನೇರ ವಿಷಯಕ್ಕ ಬಂದ್ರು, "ಸರ್, ಗೋಡೌನ್ ತುಂಬಿ ನಿಂತೈತಿ, ಈ ತಿಂಗಳ ಪಗಾರದಾಗ ಒಬ್ಬೊಬ್ಬರದು 600 ರೂಪಾಯಿ ಕಟ್ ಮಾಡ್ರಿ, ನಾ ಒಂದೊಂದು ಬಾಕ್ಸ್ ಪೌಡರ್ ಕೊಡ್ತೀನಿ, ಅಂಗಡ್ಯಾಗ ಅದು 750ಕ್ಕ ಹೋಗೋ ಮಾಲು, ಅವರಿಗೂ ಲಾಭ." ನಾ ಸುಮ್ಮನಿದ್ದದ್ದು ನೋಡಿ ಒಂದು ಮಾತು ಸೇರಿಸಿದ್ರು: "ನಮ್ಮ ಮಂದೀನ ನಮ್ಮ ಮಾಲು ತಗೊಳ್ಳಿಲ್ಲಂದ್ರ ಊರ ಮಂದಿ ಯಾಕ ತಗೋತಾರ್ರಿ?"

ಈ ಮಾತು ನಾ ಇಪ್ಪತ್ತು ವರ್ಷದಾಗ ಎಷ್ಟು ಸಲ ಕೇಳೀನೋ ಲೆಕ್ಕ ಇಟ್ಟಿಲ್ಲ. ಕೇಳಾಕ ಚಂದ ಐತಿ, ಅದಕ್ಕ ಯಾರೂ ಬಿಡಿಸಿ ನೋಡಂಗಿಲ್ಲ.

ಮೊದಲು ಕಾಯ್ದೆ ಮಾತು ಮುಗಿಸಿಬಿಡೋಣ, ಯಾಕಂದ್ರ ಅದರಾಗ ಬಾಳ ಚರ್ಚೆ ಇಲ್ಲ. ಆವಾಗ ಇನ್ನೂ 1936ರ ವೇತನ ಪಾವತಿ ಕಾಯ್ದೆ ನಡೀತಿತ್ತು, ಆಮೇಲೆ 2025ರ ನವೆಂಬರ್ 21ರಿಂದ ವೇತನ ಸಂಹಿತೆ ಜಾರಿಗೆ ಬಂತು, ಆದ್ರ ಈ ವಿಷಯದಾಗ ಎರಡರದೂ ದಾರಿ ಒಂದ. ಪಗಾರ ಅನ್ನೋದು ರೊಕ್ಕದಾಗ ಕೊಡಬೇಕು, ನೋಟಿರಲಿ, ಚೆಕ್ ಇರಲಿ, ಬ್ಯಾಂಕಿಗೆ ಹಾಕೋದಿರಲಿ. ಅದರೊಳಗ ಏನೇನು ಕಟ್ ಮಾಡಬಹುದು ಅಂತ ಒಂದು ಪಟ್ಟಿ ಐತಿ: ಗೈರುಹಾಜರಿ, ಪಿಎಫ್, ಅಡ್ವಾನ್ಸ್, ಕಂಪನಿ ಮನಿ ಬಾಡಿಗಿ, ಸಹಕಾರಿ ಸಂಘದ ಕಂತು ಇಂಥಾವು. ಪಟ್ಟಿಯಾಗ ಇಲ್ಲದ್ದು ಕಟ್ ಮಾಡಂಗಿಲ್ಲ, ಇದ್ದದ್ದೂ ಎಲ್ಲಾ ಸೇರಿ ಈಗಿನ ಸಂಹಿತೆ ಪ್ರಕಾರ ಪಗಾರದ ಅರ್ಧ ದಾಟಬಾರದು. ಖರ್ಚಾಗದ ಪೌಡರಿನ ಬಾಕ್ಸ್ ಆ ಪಟ್ಟಿಯಾಗ ಇಲ್ಲ. "ಒಪ್ಪಿಗಿ ಪತ್ರ ಬರಸ್ಕೊಂಡ್ರ?" ಅಂತ ಕೇಳಿದ್ರು. ಸಾವ್ಕಾರ್ರ, ನಾಳೆ ಗೇಟಿನೊಳಗ ಬಿಡೋದು ಬಿಡದ ಇರೋದು ನಿಮ್ಮ ಕೈಯಾಗಿದ್ದಾಗ ನಿಮ್ಮ ಕಡೆ ದುಡಿಯೋ ಹೆಣ್ಮಗಳು ಬ್ಯಾಡ ಅಂತ ಹ್ಯಾಂಗ ಬರೀತಾಳ, ಅದು ಒಪ್ಪಿಗಿ ಅಲ್ಲ, ಬರೇ ಸಹಿ ಅಂದೆ.

ಇದು ಇವತ್ತಿನ ರೋಗನೂ ಅಲ್ಲ. ಇಂಗ್ಲೆಂಡಿನಾಗ ಮಿಲ್ಲಿನವರು, ಗಣಿಯವರು ಪಗಾರದ ಬದಲಿ ಮಾಲು ಕೊಡೋದು, ಇಲ್ಲಾ ತಮ್ಮ ಅಂಗಡ್ಯಾಗಷ್ಟ ನಡಿಯೋ ಚೀಟಿ ಕೊಡೋದು ಎಷ್ಟು ಹೆಚ್ಚಾಗಿತ್ತಂದ್ರ 1831ರಾಗ ಅದನ್ನ ನಿಲ್ಲಿಸಾಕ ಟ್ರಕ್ ಕಾಯ್ದೆ ಅಂತ ಮಾಡಬೇಕಾಯ್ತು. ಹೆಸರು ಕೇಳಿ ಲಾರಿ ಅಂತ ತಿಳ್ಕೋಬ್ಯಾಡ್ರಿ, ಅಲ್ಲಿ ಟ್ರಕ್ ಅಂದ್ರ ಅದಲಿ-ಬದಲಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1949ರಾಗ ಮಾಡಿದ 95ನೇ ಒಡಂಬಡಿಕೆದಾಗೂ ಅದ ಮಾತೈತಿ, ಕಂಪನಿ ಅಂಗಡಿ ಇರಲಿ, ಆದ್ರ ಅಲ್ಲೇ ಕೊಳ್ಳಬೇಕು ಅಂತ ಕಾಮಗಾರನ ಮ್ಯಾಲೆ ಜೋರು ಮಾಡಂಗಿಲ್ಲ.

ಸರಿ, ಜೋರು ಮಾಡೋದು ಬ್ಯಾಡ, ಆದ್ರ ಮನಸಿನಿಂದ ಕೊಂಡ್ರ ಕಂಪನಿ ಉಳೀತೈತಿ, ಕಂಪನಿ ಉಳಿದ್ರ ನೌಕರಿ ಉಳೀತೈತಿ ಅಂತಾರಲ್ಲ, ಅದನ್ನ ನೋಡೋಣ. ನಮ್ಮ ಬೆಳಗಾವಿ, ಬಾಗಲಕೋಟಿ ಕಡೆ ಎಲ್ಲಾರಿಗೂ ತಿಳಿಯೋ ಲೆಕ್ಕ ಅಂದ್ರ ಸಕ್ಕರಿ ಕಾರ್ಖಾನಿದು. ದಿನಕ್ಕ 5,000 ಟನ್ ಕಬ್ಬು ನುರಿಸೋ ಕಾರ್ಖಾನಿ ಹಿಡೀರಿ, ರಿಕವರಿ, ಅಂದ್ರ ಕಬ್ಬಿನಿಂದ ಸಿಗೋ ಸಕ್ಕರಿ, 10 ಪರ್ಸೆಂಟ್ ಹಿಡಿದ್ರ ದಿನಕ್ಕ 5,000 ಕ್ವಿಂಟಲ್ ಸಕ್ಕರಿ. ಕಾಮಗಾರರು 800 ಮಂದಿ, ಮನಿಗೆ ತಿಂಗಳಿಗೆ 8 ಕಿಲೊ ಸಕ್ಕರಿ, ಚಾ ಹಬ್ಬ ಹುಣ್ಣಿವಿ ಎಲ್ಲಾ ಸೇರಿ. ವರ್ಷಕ್ಕ 96 ಕಿಲೊ. 800 ಮನಿಗೆ ಕೂಡಿಸಿದ್ರ 768 ಕ್ವಿಂಟಲ್. ಅಂದ್ರ ಇಡೀ ಕಾರ್ಖಾನಿ ಮಂದಿ ಇಡೀ ವರ್ಷ ಹೊರಗಿನ ಒಂದು ಚಮಚ ಸಕ್ಕರಿ ಮುಟ್ಟದ ತಮ್ಮ ಕಾರ್ಖಾನಿದ ತಿಂದ್ರೂ ಅದು ಹಂಗಾಮಿನ ನಾಕು ತಾಸಿನ ಮಾಲೂ ಅಲ್ಲ, ಒಂದು ಪಾಳಿ ಮುಗಿಯೋದ್ರೊಳಗ ಆಗಿಹೋಗ್ತೈತಿ. ಅದರ ಮ್ಯಾಲೆ, ಯಾವ ಕಾರ್ಖಾನಿ ಯಾವ ತಿಂಗಳು ಎಷ್ಟು ಸಕ್ಕರಿ ಮಾರಬೇಕು ಅಂತ 2018ರಿಂದ ಮತ್ತ ಕೇಂದ್ರ ಸರ್ಕಾರನ ಕೋಟಾ ಹಾಕಾಕತ್ತೈತಿ. ನೌಕರಿ ಉಳಿಯೋದು ಮಳಿ, ಕಬ್ಬಿನ ರೇಟು, ಇಥೆನಾಲ್, ಬ್ಯಾಂಕಿನ ಸಾಲ ಇವುಗಳ ಮ್ಯಾಲೆ, ಕಾಮಗಾರನ ಹೆಂಡತಿ ಯಾವ ಅಂಗಡಿ ಸಕ್ಕರಿ ತಂದಳು ಅನ್ನೋದರ ಮ್ಯಾಲೆ ಅಲ್ಲ.

ಇಷ್ಟು ಹೇಳಿದ ಕೂಡಲೇ ಯಾರರ ಒಬ್ಬರು ಹೆನ್ರಿ ಫೋರ್ಡ್ ಕಥಿ ತಗೀತಾರ. 1914ರ ಜನವರಿದಾಗ ಫೋರ್ಡ್ ದಿನಕ್ಕ ಐದು ಡಾಲರ್ ಪಗಾರ ಮಾಡಿದ, ತನ್ನ ಮಂದಿ ತನ್ನ ಕಾರು ಕೊಳ್ಳಲಿ ಅಂತ. ಕಥಿ ಚೊಲೊ ಐತಿ, ಅರ್ಧ ಸುಳ್ಳು. ಅದರ ಹಿಂದಿನ ವರ್ಷ ಅವನ ಫ್ಯಾಕ್ಟರ್ಯಾಗ ಸುಮಾರು 14,000 ಮಂದಿ ಇಟ್ಕೊಳ್ಳಾಕ 52,000 ಮಂದೀನ ಕೆಲಸಕ್ಕ ತಗೋಬೇಕಾಗಿತ್ತು, ಕಾರು ಜೋಡಿಸೋ ಸಾಲಿನಾಗ ನಿಂತು ದಿನಾ ಒಂದ ನಟ್ಟು ತಿರುಗಿಸೋದು ಮಂದಿಗೆ ಆಗದ ಬಿಟ್ಟು ಓಡ್ತಿದ್ರು. ಪಗಾರ ಏರಿಸಿದ್ದು ಅವರು ಓಡಬಾರದು ಅಂತ. 14,000 ಮಂದಿ ಎಲ್ಲಾರೂ ಒಂದೊಂದು ಕಾರು ತಗೊಂಡ್ರೂ, ವರ್ಷಕ್ಕ ಎರಡು ಲಕ್ಷಕ್ಕೂ ಹೆಚ್ಚು ಕಾರು ಮಾಡೋ ಕಂಪನಿಗೆ ಅದು ಯಾವ ಲೆಕ್ಕ. ಆದ್ರ ಆ ಕಥಿಯಾಗ ಒಂದು ಮಾತು ಖರೆ, ಅವನ ಕಾಮಗಾರಗ ಆ ಕಾರು ಕೊಳ್ಳೋ ಶಕ್ತಿ ಬಂತು. ನಮ್ಮ ಕಾಮಗಾರಗ ಆ ಶಕ್ತಿ ಐತೇನು, ನಮ್ಮ ಕಡೆ ಕೇಳಬೇಕಾದ ಪ್ರಶ್ನೆ ಅದು.

ಒಂದು ಸಲ ಕೆಲಸದ ಮ್ಯಾಲೆ ಇಳಕಲ್‌ಗೆ ಹೋಗಿದ್ದೆ, ಒಬ್ಬ ನೇಕಾರರ ಮನಿಯಾಗ ಚಾ ಆಯ್ತು. ಮನಿಯೊಳಗ ಮಗ್ಗ, ಮಗ್ಗದ ಮ್ಯಾಲೆ ಅರ್ಧ ಆದ ಸೀರಿ, ಹತ್ತಿಯ ಒಡಲು, ಕೆಂಪು ರೇಷ್ಮಿ ಸೆರಗು. ಒಡಲಿನ ಉದ್ದನೂಲಿಗೆ ಸೆರಗಿನ ಉದ್ದನೂಲು ಕೊಂಡಿ ಹಾಕಿ ಜೋಡಿಸ್ತಾರಲ್ಲ, ಟೋಪಿ ತೆನಿ ಅಂತಾರ, ಅದನ್ನ ಆ ಮನಿ ಅಕ್ಕಾರ ಕುಂತು ಮಾಡ್ತಿದ್ರು. ಉಟ್ಟಿದ್ದು ಮಾತ್ರ ಸಂತಿಯಾಗ ತಂದ ಪಾಲಿಸ್ಟರ್ ಸೀರಿ. ನಾ ತಡೀಲಾರದ ಕೇಳೇಬಿಟ್ಟೆ. ನಕ್ಕು ಅಂದ್ರು, "ನೇಯ್ದದ್ದೆಲ್ಲಾ ನಾವ ಉಟ್ರ ಒಲಿ ಹ್ಯಾಂಗ ಹೊತ್ತಬೇಕ್ರಿ ಸಾಹೇಬ್ರ? ಮಗಳ ಮದುವಿಗೆ ಒಂದು ನೇಯ್ದು ಇಟ್ಟೀನಿ, ಅದನ್ನ ಸಾವ್ಕಾರ್ರಿಗೆ ಕೊಟ್ಟಿಲ್ಲ." ಇಳಕಲ್ ಸೀರಿಗೂ ಜಿಐ, ಅಂದ್ರ ಆ ಊರಿನ ಮಾಲು ಅನ್ನೋ ಸರ್ಕಾರಿ ಗುರುತು, ಐತಿ, ಗುಳೇದಗುಡ್ಡದ ಖಣಕ್ಕೂ ಐತಿ, ಆದ್ರ ನೂಲು ಸಾವ್ಕಾರ್ರದು, ಸೀರಿ ಸಾವ್ಕಾರ್ರದು, ನೇಕಾರಗ ಸೀರಿಗೆ ಇಷ್ಟು ಅಂತ ಮಜೂರಿ. ಆ ಅಕ್ಕಾರಿಗೆ "ನಿಮ್ಮ ಮಾಲು ನೀವ ಉಡ್ರಿ" ಅಂತ ಉಪದೇಶ ಮಾಡೋ ಮಂದೀನ್ನ ನಾ ಕಂಡೀನಿ, ಮೈಮ್ಯಾಲೆ ಬ್ರಾಂಡೆಡ್ ಶರ್ಟ್ ಹಾಕ್ಕೊಂಡು.

ಇನ್ನ ಬೆಳಗಾವಿಯ ಫ್ಯಾಕ್ಟರಿ ಏರಿಯಾ ಉದ್ಯಮಬಾಗ, ಮಚ್ಛೆ ಕಡೆ ಬರ್ರಿ, ಫೌಂಡ್ರಿ ಮಂದೀಗೆ ಈ ಪ್ರಶ್ನೆನ ಇಲ್ಲ. ಪಂಪಿನ ಬಾಡಿ, ಇಂಜಿನ್ನಿನ ಕಾಸ್ಟಿಂಗ್ ಮನಿಗೆ ಒಯ್ದು ಏನ್ ಮಾಡ್ಬೇಕು. ಹತ್ತರಗಿ ಎಸ್‌ಇಜಡ್‌ನಾಗ ವಿಮಾನದ ಭಾಗ ಮಾಡೋ ಹುಡುಗರು ವಿಮಾನ ಕೊಳ್ಳಂಗಿಲ್ಲ, ಹಂಗಂತ ಅವರ ನಿಷ್ಠೆ ಕಡಿಮಿ ಅಂತ ಯಾರೂ ಅನ್ನಂಗಿಲ್ಲ. ನಿಪ್ಪಾಣಿಯಾಗ ಸಾವಿರ ಬೀಡಿಗೆ ಇಷ್ಟು ಅಂತ ಕಟ್ಟೋ ಹೆಣ್ಮಕ್ಕಳಂತೂ ತಮ್ಮ ಮಾಲು ಕೊಳ್ಳದಿದ್ರನ ಚೊಲೊ, ತಂಬಾಕಿನ ಧೂಳು ದಿನಾ ಮೂಗಿಗೆ ಹೋಗ್ತೈತಿ, ಅಷ್ಟು ಸಾಕು. ಅಂದ ಮ್ಯಾಲೆ ಸಾಬೂನು, ಬಿಸ್ಕೀಟು, ಚಪ್ಪಲ್ ಮಾಡೋರಿಗೆ ಮಾತ್ರ ಯಾಕ ಈ ಪರೀಕ್ಷೆ? ಮಾಲು ಮನಿಯೊಳಗ ಹಿಡೀತೈತಿ ಅಂತ, ಅಷ್ಟ.

ಕೊಳ್ಳಬಾರದು ಅಂತ ನಾ ಹೇಳಾಕತ್ತಿಲ್ಲ. ಲೋಕಾಪುರ ಕಡೆ ಸಿಮೆಂಟ್ ಫ್ಯಾಕ್ಟರಿ ಕಾಮಗಾರ ಮನಿ ಕಟ್ಟಾಕತ್ತಾನ, ಕಂಪನಿ ರೇಟಿಗೆ ಸಿಮೆಂಟ್ ಸಿಗ್ತೈತಿ ಅಂದ್ರ ತಗೊಳ್ಲಿ, ಜಾಣತನ ಅದು. ಆದ್ರ ಎರಡು ವಿಷಯ ನೋಡ್ಬೇಕು. ಒಂದು, ರಿಯಾಯಿತಿ ಎಂಆರ್‌ಪಿ ಮ್ಯಾಲೆ ಹೇಳ್ತಾರೋ ಅಂಗಡಿ ರೇಟಿನ ಮ್ಯಾಲೋ, ಯಾಕಂದ್ರ ಊರಾಗ ಎಂಆರ್‌ಪಿಗೆ ಸಿಮೆಂಟ್ ಮಾರೋ ಅಂಗಡಿ ನಾ ಇನ್ನೂ ಕಂಡಿಲ್ಲ. ಎರಡು, ಅಗ್ಗ ಸಿಕ್ತು ಅಂತ ಇನ್ನೂ ಪಾಯಾ ತಗದಿಲ್ಲ, ಆಗಲೇ ನೂರು ಚೀಲ ತಂದು ಒಟ್ಟಬ್ಯಾಡ್ರಿ, ಮೂರು ತಿಂಗಳು ದಾಟಿದ್ರ ಸಿಮೆಂಟಿನ ಜೀವ ಇಳೀತೈತಿ. ಮಾಲಕರಿಗೂ ಒಂದು ಮಾತು: ಜಿಎಸ್‌ಟಿ ಕಾಯ್ದೆದಾಗ ಮಾಲಕ ಮತ್ತ ನೌಕರ ಸಂಬಂಧಿತ ವ್ಯಕ್ತಿಗಳು ಅಂತ ಲೆಕ್ಕ, ಹಿಂಗಾಗಿ ಸ್ಟಾಫಿಗೆ ಅಂತ ಮನಸಿಗೆ ಬಂದ ರೇಟಿಗೆ ಬಿಲ್ ಮಾಡಬ್ಯಾಡ್ರಿ, ನಿಮ್ಮ ಸಿಎನ್ನ ಒಮ್ಮೆ ಕೇಳ್ರಿ. ಹಬ್ಬಕ್ಕ ಪುಕ್ಕಟ ಕೊಟ್ರ ಒಬ್ಬರಿಗೆ ವರ್ಷಕ್ಕ 50,000 ರೂಪಾಯಿ ಮಟ್ಟ ಕಾಣಿಕಿಗೆ ಆ ತಂಟೆ ಇಲ್ಲ.

ಮಾಲು ಕೊಂಡ್ರ ಹೆಚ್ಚಂದ್ರ 600 ರೂಪಾಯಿ ಹೋದೀತು. ನಾ ಖರೇನ ಅಂಜೋದು ಬ್ಯಾರೆ ಒಂದಕ್ಕ, ಕಂಪನಿ ಮ್ಯಾಲಿನ ಪ್ರೀತಿಗೆ ಕೂಡಿಟ್ಟ ರೊಕ್ಕಾನೂ ಅದ ಕಂಪನಿಯಾಗ ಠೇವಣಿ ಇಡೋರಿಗೆ. ಅಮೆರಿಕಾದ ಎನ್ರಾನ್ 2001ರಾಗ ಮುಳುಗಿದಾಗ ಅಲ್ಲಿ ನೌಕರರ ನಿವೃತ್ತಿ ರೊಕ್ಕದಾಗ ಬಾಳಷ್ಟು ಅದ ಕಂಪನಿ ಶೇರಿನಾಗ ಇತ್ತು, ನೌಕರಿನೂ ಹೋತು ಗಂಟೂ ಹೋತು. ಪಗಾರ ಬರೋ ಮನಿಯಾಗ ಗಂಟು ಇಡಬ್ಯಾಡ್ರಿ.

ಈಗ ಆ ಪೌಡರ್ ಫ್ಯಾಕ್ಟರಿಗೆ ಬರೋಣ. ಕಟ್ ಮಾಡಾಕ ಬರಂಗಿಲ್ಲ ಅಂತ ಹೇಳಿದೆ, 62 ಗುಣಿಲೆ 600 ಅಂದ್ರ 37,200 ರೂಪಾಯಿ, ನಿಮ್ಮ ಗೋಡೌನಿನಾಗ ನಿಂತದ್ದು ಒಂಬತ್ತು ಲಕ್ಷದ್ದು, ಇದರಿಂದ ಏನೂ ಖಾಲಿ ಆಗಂಗಿಲ್ಲ ಅಂತನೂ ಹೇಳಿದೆ. ಮತ್ತ ಕೇಳಿದೆ, ನಿಮ್ಮ ಮಂದಿ ಮನಿಯಾಗ ಯಾವ ಪೌಡರ್ ಬಳಸ್ತಾರ ಅಂತ ಯಾವಾಗರ ಕೇಳೀರೇನು? ಇಲ್ಲ. ಮುಂದಿನ ವಾರ ರಜಿಸ್ಟರ್ ನೋಡಾಕ ಹೋದಾಗ ಪ್ಯಾಕಿಂಗ್ ಸೆಕ್ಷನ್ನಿನ ಅಕ್ಕಾರನ್ನ ನಾನ ಕೇಳಿದೆ, ಸೂಪರ್‌ವೈಸರ್ ಚಾ ಕುಡಿಯಾಕ ಹೋಗಿದ್ದಾಗ. ಒಬ್ಬಾಕಿ ಕೈ ತೋರಿಸಿದ್ಲು, ಬೆರಳ ಸಂದಿಯಾಗ ಬಿರುಕು, "ಸೋಡಾ ಬಾಳ ಹಾಕ್ತಾರ್ರಿ, ಚೀಲ ಸುರಿಯೋದು ನಾವ ನೋಡ್ತೀವಲ್ಲ." ಇನ್ನೊಬ್ಬಾಕಿ ಅಂದ್ಲು, ನಮ್ಮ ಬೆಳಗಾವಿ ಮಳಿಗಾಲದಾಗ ಈ ಪಾಕೀಟು ಗಡ್ಡಿ ಕಟ್ಟತೈತಿ, ಕಲ್ಲಿನಗತೆ, ಅದರ ಪ್ಲಾಸ್ಟಿಕ್ ಬಾಳ ತೆಳ್ಳಗ. ಮೂರನೇದಾಕಿ ಹೇಳಿದ್ದು ನಂಗ ಇನ್ನೂ ನೆನಪೈತಿ: "ನಾವು ವಾರಕ್ಕ ಹತ್ತು ರೂಪಾಯಿ ಪಾಕೀಟು ತರೋರು, ಇವರು ಕಿಲೊಕ್ಕಿಂತ ಸಣ್ಣ ಪಾಕೀಟು ಮಾಡಂಗಿಲ್ಲ." ಹತ್ತು ನಿಮಿಷದಾಗ ಮೂರು ಕಾರಣ, ಅದೂ ಪುಕ್ಕಟ. ಇದನ್ನ ತಿಳ್ಕೊಳ್ಳಾಕ ದೊಡ್ಡ ಕಂಪನಿಯವರು ಸರ್ವೇ ಮಾಡಿಸಿ ಲಕ್ಷ ಲಕ್ಷ ಸುರೀತಾರ. ಕಾಮಗಾರ ತನ್ನ ಮಾಲು ಕೊಳ್ಳವಲ್ಲ ಅಂದ್ರ ಅವನಿಗೆ ಏನೋ ಗೊತ್ತೈತಿ ಅಂತ ತಿಳ್ಕೊಂಡು ಕೇಳ್ಬೇಕು, ಕಟ್ ಮಾಡಿ ಕೊಟ್ರ ಆ ಬಾಯಿನೂ ಮುಚ್ಚಿಹೋಗ್ತೈತಿ. ಯಾರು ಹೇಳಿದ್ದು ಅಂತ ಹೆಸರು ಬಿಟ್ಟು ಮೂರೂ ಮಾತು ಸಾವ್ಕಾರ್ರಿಗೆ ಮುಟ್ಟಿಸಿದೆ. "ನೋಡೋಣ್ರಿ" ಅಂದ್ರು.

ದೀಪಾವಳಿಗೆ ಕಟ್ ಮಾಡಲಿಲ್ಲ, ಒಂದೊಂದು ಬಾಕ್ಸ್ ಪುಕ್ಕಟ ಕೊಟ್ರು, ಬೋನಸ್ ಬ್ಯಾರೆ ಕೊಟ್ರು. ಹಬ್ಬ ಆದ ನಾಕನೇ ದಿನ ಮತ್ತ ಫೋನ್, ಸಿಟ್ಟಿನಾಗ ಇದ್ರು. "ಸರ್, ನಾ ಕೊಟ್ಟ ಬಾಕ್ಸು ಅನಗೋಳದ ಒಂದು ಕಿರಾಣಿ ಅಂಗಡ್ಯಾಗ ಸಾಲು ಹಚ್ಚಿ ಇಟ್ಟಾರ, ನಮ್ಮ ಮಂದೀನ ಒಯ್ದು ಕೊಟ್ಟು ಎಣ್ಣಿ, ಅವಲಕ್ಕಿ ತಂದಾರ." ಎಷ್ಟಕ್ಕ ಮಾರಾಕತ್ತಾನ ಅಂಗಡಿಯವ ಅಂತ ಕೇಳಿದೆ.

"ನಮ್ಮ ಡೀಲರ್ ರೇಟಿಗಿಂತನೂ ಕಡಿಮಿಗೆ ರೀ!"

ಖಾಲಿ ಆದವೇನ್ರಿ ಅಂದೆ.

ಒಂದು ಕ್ಷಣ ತಡದು ಅಂದ್ರು, "ಇಲ್ರಿ, ಹಂಗ ಕುಂತಾವ."