ಕಾಲರ್‌ಬೋನ್ ಮುರಿದರೆ ಪ್ಲೇಟು ಹಾಕಲೇಬೇಕೇ?

ಕಾಲರ್‌ಬೋನ್ (ಕೊರಳಿನ ಬುಡದಿಂದ ಭುಜಕ್ಕೆ ಹೋಗುವ ಮೂಳೆ) ಮುರಿದುಕೊಂಡವರಿಗೆ ಎಕ್ಸ್‌-ರೇ ತೋರಿಸಿದರೆ ಎದೆ ಧಸಕ್ಕೆನ್ನುತ್ತದೆ. ಎರಡು ತುಂಡುಗಳು ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ನಿಂತಿರುತ್ತವೆ. ಕೊರಳ ಪಕ್ಕದ ಸ್ನಾಯು ಒಳಗಿನ ತುಂಡನ್ನು ಮೇಲಕ್ಕೆ ಎತ್ತಿರುತ್ತದೆ. ಹೊರಗಿನ ತುಂಡು ತೋಳಿನ ಭಾರಕ್ಕೆ ಜೋತುಬಿದ್ದು, ಎದೆಯ ಸ್ನಾಯು ಜಗ್ಗಿದ್ದರಿಂದ ಮೊದಲನೆಯದರ ಅಡಿಗೆ ತೂರಿಕೊಂಡಿರುತ್ತದೆ. ಆಪರೇಷನ್ ಮಾಡಿ ಲೋಹದ ಪ್ಲೇಟು ಬಿಗಿಯದೆ, ತೋಳನ್ನು ಕೊರಳಿಗೆ ತೂಗುಹಾಕುವ ಪಟ್ಟಿ, ಅಂದರೆ ಬರೀ ಸ್ಲಿಂಗ್ ಕಟ್ಟಿಕೊಂಡರೆ ಇದು ಕೂಡೀತೇ? ಕೂಡುತ್ತದೆ, ಬಹುಪಾಲು. ತುಂಡುಗಳು ನೆಟ್ಟಗಾಗುವುದಿಲ್ಲ, ಅಡ್ಡಾದಿಡ್ಡಿ ಇದ್ದಲ್ಲೇ ಬೆಸೆದುಕೊಳ್ಳುತ್ತವೆ. ಚರ್ಮದಡಿ ಒಂದು ಗಂಟು ಉಳಿಯುತ್ತದೆ.

ತೋಳನ್ನು ಮುಂಡಕ್ಕೆ ಸೇರಿಸುವ ಮೂಳೆಯ ಕೊಂಡಿ ಇದೊಂದೇ. ಎಸ್ ಅಕ್ಷರದ ಹಾಗೆ ಎರಡು ಕಡೆ ಬಾಗಿದೆ. ಬಾಗು ತಿರುಗುವ ನಡುಭಾಗವೇ ತೆಳು, ಹತ್ತರಲ್ಲಿ ಸುಮಾರು ಎಂಟು ಸಲ ಮುರಿಯುವುದೂ ಅಲ್ಲೇ.

1960ರಲ್ಲಿ ಅಮೆರಿಕದ ಮೂಳೆ ಸರ್ಜನ್ ಚಾರ್ಲ್ಸ್ ನೀರ್ ಒಂದು ಲೆಕ್ಕ ಕೊಟ್ಟರು. ಆಪರೇಷನ್ ಇಲ್ಲದೆ ನೋಡಿಕೊಂಡ 2,235 ನಡುಮುರಿತಗಳಲ್ಲಿ ಕೂಡದೆ ಉಳಿದದ್ದು ಬರೀ ಮೂರು. ಆಪರೇಷನ್ ಮಾಡಿದ 45ರಲ್ಲಿ ಎರಡು. ಇದನ್ನು ನೋಡಿದ ಮೇಲೆ ಚಾಕು ಹಿಡಿಯುವ ಧೈರ್ಯ ಯಾರಿಗೆ? ದಶಕಗಳ ಕಾಲ ಸ್ಲಿಂಗೇ ವೇದವಾಯಿತು. ಆದರೆ ಮುರಿತಗಳೆಲ್ಲ ಒಂದೇ ಬಗೆಯವಲ್ಲ. ಬಿರುಕು ಬಿಟ್ಟ ಮೂಳೆಯನ್ನೂ, ಪೂರ್ತಿ ಜಾರಿಹೋದ ಮೂಳೆಯನ್ನೂ ಒಂದೇ ತಕ್ಕಡಿಗೆ ಹಾಕಿದರೆ ಹೇಗೆ?

2007ರಲ್ಲಿ ಕೆನಡಾದ ಸರ್ಜನ್ನರು ಪೂರ್ತಿ ಜಾರಿದ ಮುರಿತದ ವಯಸ್ಕರನ್ನಷ್ಟೇ ತೆಗೆದುಕೊಂಡು ಹೋಲಿಸಿದರು. ಸ್ಲಿಂಗ್ ಕಟ್ಟಿಕೊಂಡ 49 ಜನರಲ್ಲಿ ಏಳು ಮಂದಿಗೆ ಮೂಳೆ ಕೂಡಲಿಲ್ಲ. ಪ್ಲೇಟು ಹಾಕಿಸಿಕೊಂಡ 62 ಜನರಲ್ಲಿ ಕೂಡದೆ ಉಳಿದದ್ದು ಇಬ್ಬರಿಗೆ. ಗಾಳಿ ಆಪರೇಷನ್ ಕಡೆಗೆ ತಿರುಗಿತು. 2013ರಲ್ಲಿ ಬಂದ, 200 ಜನರ ಇನ್ನೊಂದು ಅಧ್ಯಯನವೂ ಅದನ್ನೇ ಹೇಳಿತು, ಒಂದು ಕೊಕ್ಕೆಯೊಂದಿಗೆ: ಮೂಳೆ ಕೂಡಿದವರನ್ನಷ್ಟೇ ನೋಡಿದರೆ ವರ್ಷದ ಕೊನೆಗೆ ಎರಡೂ ಗುಂಪಿನವರ ತೋಳು ಹೆಚ್ಚುಕಡಿಮೆ ಒಂದೇ ಥರ ಕೆಲಸ ಮಾಡುತ್ತಿತ್ತು. ಅಂದರೆ ಪ್ಲೇಟಿನಿಂದ ಸಿಗುವುದು ಹೆಚ್ಚು ಬಲವಾದ ತೋಳಲ್ಲ; ಮೂಳೆ ಕೂಡೀತೆಂಬ ಹೆಚ್ಚಿನ ಖಾತರಿ, ಜೊತೆಗೆ ಕೆಲವು ವಾರಗಳ ಉಳಿತಾಯ.

ಬೆಲೆ ಏನು? ಇಲ್ಲಿ ಚರ್ಮ ತೆಳು, ಅದರಡಿ ಎದೆಯ ಮೇಲ್ಭಾಗಕ್ಕೆ ಸ್ಪರ್ಶ ಕೊಡುವ ನೂಲಿನಂಥ ನರಗಳು. ಒಂದೆರಡು ಕತ್ತರಿಸಿಹೋದರೆ ಗಾಯದ ಕೆಳಗೆ ಅಂಗೈಯಗಲ ಜಾಗ ಜೋಮು ಹಿಡಿದಂತಾಗುತ್ತದೆ. ತುಂಡುಗಳನ್ನು ಜೋಡಿಸಿ, ಬಾಗಿಗೆ ಒಪ್ಪುವ ಪ್ಲೇಟಿಟ್ಟು, ಮುರಿತದ ಆಚೆ ಈಚೆ ಸಾಮಾನ್ಯವಾಗಿ ಮೂರು ಮೂರು ಸ್ಕ್ರೂ ಬಿಗಿಯುತ್ತಾರೆ. ಡ್ರಿಲ್ಲು ಮೂಳೆ ದಾಟಿ ಒಂದಿಷ್ಟು ಹೆಚ್ಚು ಇಳಿದರೂ ಕಷ್ಟ: ಕೆಳಗೇ ತೋಳಿಗೆ ಹೋಗುವ ರಕ್ತನಾಳ, ನರಗಳ ಕಟ್ಟು, ಅದರಾಚೆ ಶ್ವಾಸಕೋಶ. ಹೀಗಾಗಿ ಕೆಲವರು ಪ್ಲೇಟನ್ನು ಮೇಲೆ ಇಡದೆ ಮುಂಭಾಗದಲ್ಲಿ ಇಡುತ್ತಾರೆ. ಬ್ಯಾಗಿನ ಪಟ್ಟಿ ತಗುಲಿ ಕಿರಿಕಿರಿಯಾಗುವುದೂ ಆಗ ಕಡಿಮೆ.

ಚರ್ಮ ಹರಿದು ಮೂಳೆ ಹೊರಬಂದಿದ್ದರೆ, ಚೂಪು ತುದಿ ಚರ್ಮವನ್ನು ಒಳಗಿಂದ ಒತ್ತಿ ಬಿಳಿಚಿಸಿದ್ದರೆ, ರಕ್ತನಾಳಕ್ಕೆ ಪೆಟ್ಟಾಗಿದ್ದರೆ ಚರ್ಚೆಯೇ ಇಲ್ಲ, ಆಪರೇಷನ್ನೇ. ಎರಡು ಸೆಂಟಿಮೀಟರಿಗಿಂತ ಹೆಚ್ಚು ಮೂಳೆ ಗಿಡ್ಡವಾಗಿದ್ದರೆ ಆಪರೇಷನ್ ಕಡೆ ವಾಲುವವರು ಹೆಚ್ಚು. ಮಕ್ಕಳಿಗೆ ಬಹುತೇಕ ಬೇಡವೇ ಬೇಡ, ಬೆಳೆಯುವ ಮೂಳೆ ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ. ಉಳಿದವರದು ನಿಜಕ್ಕೂ ಆಯ್ಕೆಯ ಪ್ರಶ್ನೆ. ಸಿಗರೇಟು ಸೇದುವವರಿಗೆ ಮೂಳೆ ಕೂಡದಿರುವ ಅಪಾಯ ಹೆಚ್ಚೆಂಬುದೂ ಲೆಕ್ಕಕ್ಕೆ ಬರಬೇಕು.

ಮೋಟೊಜಿಪಿ ಬೈಕ್ ರೇಸಿನ ಸವಾರ ಹೋರ್ಹೆ ಲೊರೆಂಜೊ 2013ರಲ್ಲಿ ನೆದರ್ಲೆಂಡ್ಸ್‌ನ ಆಸೆನ್‌ನಲ್ಲಿ ಬಿದ್ದು ಕಾಲರ್‌ಬೋನ್ ಮುರಿದುಕೊಂಡ. ಬಾರ್ಸಿಲೋನಾಗೆ ಹಾರಿ ಟೈಟೇನಿಯಂ ಪ್ಲೇಟು ಹಾಕಿಸಿಕೊಂಡು ಮರಳಿ ಬಂದು, ಶನಿವಾರದ ರೇಸಿನಲ್ಲಿ ಐದನೆಯವನಾದ. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಎರಡು ವಾರಕ್ಕೆ ಜರ್ಮನಿಯಲ್ಲಿ ಮತ್ತೆ ಬಿದ್ದಾಗ ಅದೇ ಪ್ಲೇಟು ಬಾಗಿತು, ಮತ್ತೆ ಆಪರೇಷನ್ ಆಯಿತು. ಎರಡು ವಾರದ ಹೊತ್ತಿಗೆ ಅದರಡಿ ಮೂಳೆ ಇನ್ನೂ ಕೂಡಿರಲಿಲ್ಲ.